ಮೂಗು ನನ್ನದು, ಅದನ್ನು ಬದಲಿಸುವ ಆಸೆಯೂ ನನ್ನದೇ?

ಪ್ರಶ್ನೆ: ನನಗೆ 24 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಎರಡು ವರ್ಷಗಳಿಂದ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದೇನೆ. ಈಗ ಅದಕ್ಕೆ ಬೇಕಾದ ಹಣವನ್ನೂ ಕೂಡಿಸಿಟ್ಟಿದ್ದೇನೆ. ಉಸಿರಾಟಕ್ಕೆ ತೊಂದರೆಯಿಲ್ಲ. ಆದರೆ ಮೂಗಿನ ತುದಿ ದಪ್ಪಗಿದ್ದು, ಫೋಟೊಗಳಲ್ಲಿ ಎದ್ದು ಕಾಣುತ್ತದೆ. "ಇದೆಲ್ಲ ಆ ಫೋನು ನಿನ್ನ ತಲೆಗೆ ತುಂಬಿದ್ದು" ಎಂದು ಅಮ್ಮ ಬೈಯುತ್ತಾರೆ. ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಕಿರುತೆರೆ ನಟಿಯ ಸುದ್ದಿಯನ್ನು ನೆನಪಿಸಿ ಕಣ್ಣೀರು ಹಾಕುತ್ತಾರೆ. ಇದು ನನ್ನ ಸ್ವಂತ ನಿರ್ಧಾರ ಎಂದೇ ನಾನು ನಂಬಿದ್ದೇನೆ. ಮಾಧ್ಯಮಗಳು ನಿಜಕ್ಕೂ ಇಂಥ ನಿರ್ಧಾರಗಳನ್ನು ರೂಪಿಸುತ್ತವೆಯೆ? ಈ ಆಸೆ ನನ್ನದೇ ಎಂದು ತಿಳಿಯುವುದು ಹೇಗೆ?

ಉತ್ತರ: ಪ್ಲಾಸ್ಟಿಕ್ ಸರ್ಜನ್ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ್ದೇನೆ. "ಟೀವಿ ನೋಡಿ ಬಂದೆ" ಎಂದೋ "ರೀಲ್ಸ್ ನೋಡಿ ಮನಸ್ಸಾಯಿತು" ಎಂದೋ ತಾವಾಗಿಯೇ ಹೇಳಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲರೂ ನಿಮ್ಮಂತೆಯೇ, ಇದು ನನ್ನದೇ ನಿರ್ಧಾರ ಎಂದವರು, ಮತ್ತು ಅವರು ಸುಳ್ಳು ಹೇಳುತ್ತಿರಲಿಲ್ಲ. ಆದ್ದರಿಂದ "ಯಾಕೆ" ಎಂದು ಕೇಳುವುದಕ್ಕೆ ಮೊದಲು ನಾನು "ಯಾವಾಗಿನಿಂದ" ಎಂದು ಕೇಳುತ್ತೇನೆ. ನಿಮ್ಮ ಪತ್ರದಲ್ಲಿ ಆ ಪ್ರಶ್ನೆಗೆ ಉತ್ತರ ಈಗಾಗಲೇ ಇದೆ. ಮೂಗು 24 ವರ್ಷಗಳಿಂದ ನಿಮ್ಮದಾಗಿದೆ. ಅದರ ಮೇಲಿನ ದೂರು ಎರಡು ವರ್ಷದ್ದು. ಆ ದೂರು ಹುಟ್ಟಿದ ಜಾಗ ಫೋಟೊ. ಇದರಿಂದ ನಿಮ್ಮ ಅಮ್ಮನ ಮಾತೇ ಸರಿಯೆಂದು ಸಾಬೀತಾಗುವುದಿಲ್ಲ. ಆದರೆ ನಾವು ಹುಡುಕಾಟ ಆರಂಭಿಸಬೇಕಾದದ್ದು ಅಲ್ಲಿಂದಲೇ.

ಫೋಟೊದಿಂದಲೇ ಶುರು ಮಾಡೋಣ, ಏಕೆಂದರೆ ಇದು ಅಭಿಪ್ರಾಯದ ವಿಷಯವಲ್ಲ, ಶುದ್ಧ ರೇಖಾಗಣಿತ. ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರವಿದ್ದಾಗ, ಅದಕ್ಕೆ ಎಲ್ಲಕ್ಕಿಂತ ಸಮೀಪದಲ್ಲಿರುವ ಮೂಗು ಕಿವಿ ಕೆನ್ನೆಗಳಿಗೆ ಹೋಲಿಸಿದರೆ ದೊಡ್ಡದಾಗಿ ದಾಖಲಾಗುತ್ತದೆ. ಅಮೆರಿಕದ ಸಂಶೋಧಕರು 2018ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು: 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಇರುವುದಕ್ಕಿಂತ ಸುಮಾರು 30 ಪ್ರತಿಶತ ಹೆಚ್ಚಾಗಿ ಕಾಣುತ್ತದೆ, 5 ಅಡಿ ದೂರಕ್ಕೆ ಹೋದರೆ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಕೈಚಾಚಿ ಹಿಡಿದ ಫೋನು, ಮೀಟಿಂಗಿನ ಲ್ಯಾಪ್‌ಟಾಪ್ ಕ್ಯಾಮೆರಾ, ಎಲ್ಲವೂ ಈ ಹತ್ತಿರದ ದೂರದಲ್ಲೇ ಇರುತ್ತವೆ. 2020ರ ನಂತರ ನಿಮ್ಮಂಥ ವೃತ್ತಿಯಲ್ಲಿರುವವರು ದಿನಕ್ಕೆ ಹಲವು ತಾಸು ತಮ್ಮದೇ ಮುಖವನ್ನು ಪರದೆಯ ಮೂಲೆಯಲ್ಲಿ ನೋಡುತ್ತ ಕೆಲಸ ಮಾಡಿದ್ದಾರೆ. ಮನುಷ್ಯರು ತಮ್ಮ ಮುಖವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ, ಇಷ್ಟು ತಪ್ಪಾದ ಪ್ರಮಾಣದಲ್ಲಿ ಹಿಂದೆಂದೂ ನೋಡಿರಲಿಲ್ಲ.

ನನ್ನ ಕೋಣೆಯಲ್ಲಿ ಗೋಡೆಯಿಂದ ಒಂದು ಅಡಿಗೆ ಮತ್ತು ಐದು ಅಡಿಗೆ ನೆಲದ ಮೇಲೆ ಎರಡು ಟೇಪಿನ ಗುರುತುಗಳಿವೆ. ಮೂಗಿನ ಬಗ್ಗೆ ಬಂದವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವರದೇ ಫೋನಿನಲ್ಲಿ ಎರಡೂ ಗುರುತುಗಳಿಂದ ಒಂದೊಂದು ಚಿತ್ರ ತೆಗೆಯುತ್ತೇನೆ. ದೂರದ್ದನ್ನು ಜೂಮ್ ಮಾಡಿ ಮುಖದ ಅಳತೆಯನ್ನು ಸಮ ಮಾಡುತ್ತೇನೆ. ಒಬ್ಬ ಹುಡುಗಿ ಆ ಎರಡು ಚಿತ್ರಗಳನ್ನು ಹಿಂದೆ ಮುಂದೆ ಸರಿಸುತ್ತ ಬಹಳ ಹೊತ್ತು ಕುಳಿತಿದ್ದಳು. "ಎರಡೂ ನಾನೇನಾ ಮೇಡಂ?" ಎಂದು ಕೇಳಿದಳು. ಎರಡೂ ಅವಳೇ. ಆದರೆ ಅವಳ ಜೊತೆ ಊಟ ಮಾಡುವವರು, ಕೆಲಸ ಮಾಡುವವರು, ಮುಂದೆ ಬಾಳುವವರು ನೋಡುವುದು ಎರಡನೆಯ ಚಿತ್ರದ ಮುಖವನ್ನು.

ಚಿತ್ರ ತಪ್ಪು ಎಂಬುದು ಒಂದು ಭಾಗ. ಆ ಚಿತ್ರವನ್ನು ಯಾವುದರ ಪಕ್ಕದಲ್ಲಿಟ್ಟು ನೋಡುತ್ತೇವೆ ಎಂಬುದು ಇನ್ನೊಂದು ಭಾಗ, ಮತ್ತು ಇಲ್ಲಿಯೇ ಮಾಧ್ಯಮದ ಪ್ರಭಾವ ಆಳವಾಗಿರುವುದು. ನಮ್ಮನ್ನು ಅಳೆದುಕೊಳ್ಳಲು ಬೇರೆ ಮಾನದಂಡ ಸಿಗದಿದ್ದಾಗ ನಾವು ಇತರರೊಂದಿಗೆ ಹೋಲಿಸಿಕೊಳ್ಳುತ್ತೇವೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ವಿವರಿಸಿದರು. ಆ ಇತರರು ಹಿಂದೆ ಅತ್ತಿಗೆ, ನಾದಿನಿ, ತರಗತಿಯ ಗೆಳತಿಯರು, ಮದುವೆ ಮನೆಯಲ್ಲಿ ಸಿಗುವ ಬಂಧುಗಳು. ಅಲ್ಲಿ ಎಲ್ಲ ಬಗೆಯ ಮೂಗುಗಳೂ ಇರುತ್ತಿದ್ದವು. ಸಂಪಿಗೆಯಂಥ ಮೂಗು ಎಂದು ನಮ್ಮ ಹಾಡುಗಳು ಹೊಗಳಿದ್ದುಂಟು. ಆದರೆ ಅದು ಹೊಗಳಿಕೆಯಾಗಿತ್ತು, ಅಳತೆಯಾಗಿರಲಿಲ್ಲ. ಹಾಗೆಂದು ಹಳೆಯ ಕಾಲವನ್ನು ಮುಗ್ಧವೆಂದು ನಾನು ಹೇಳಲಾರೆ. ಹೆಣ್ಣು ನೋಡಲು ಬಂದವರ ಪಿಸುಮಾತು, ಪತ್ರಿಕೆಯ ವಧು-ವರ ಅಂಕಣದಲ್ಲಿ "ತೆಳ್ಳಗೆ, ಬೆಳ್ಳಗೆ" ಎಂಬ ಬೇಡಿಕೆ, 1975ರಲ್ಲಿ ಮಾರುಕಟ್ಟೆಗೆ ಬಂದು 2020ರವರೆಗೂ ಹೆಸರಿನಲ್ಲೇ ಬಿಳುಪನ್ನು ಹೊತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮಿನ ಜಾಹೀರಾತುಗಳು, ಇವೆಲ್ಲದರ ನಡುವೆ ಬೆಳೆದವರು ನಿಮ್ಮ ಅಮ್ಮ. ಮಾಧ್ಯಮದ ಪ್ರಭಾವ ಎಂದರೇನೆಂದು ಅವರಿಗೆ ನಿಮಗಿಂತ ಮೊದಲೇ ಗೊತ್ತು. ಅವರ ಕಾಲದಲ್ಲಿ ಅದು ಕ್ರೀಮಿನ ಟ್ಯೂಬಿನಲ್ಲಿ ಬಂತು, ನಿಮ್ಮ ಕಾಲದಲ್ಲಿ ಅದು ಆಪರೇಷನ್ ಥಿಯೇಟರಿನವರೆಗೆ ಬಂದಿದೆ.

ಮಾಧ್ಯಮ ಒಂದು ಸಮಾಜದ ಕಣ್ಣನ್ನೇ ಬದಲಿಸಬಲ್ಲದೆ ಎಂದು ಅನುಮಾನವಿದ್ದರೆ ಫಿಜಿ ದ್ವೀಪದ ಉದಾಹರಣೆಯನ್ನು ನೋಡಬೇಕು. ಶಸ್ತ್ರಚಿಕಿತ್ಸೆಯ ಮಾತು ಅದರಲ್ಲಿಲ್ಲ, ಆದರೂ ನನಗೆ ತಿಳಿದಿರುವವುಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಅಲ್ಲಿನ ನದ್ರೋಗಾ ಪ್ರಾಂತ್ಯಕ್ಕೆ ಟೀವಿ ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಮನೋವೈದ್ಯೆ ಆನ್ ಬೆಕರ್ ಟೀವಿ ಬಂದ ಕೆಲವೇ ವಾರಗಳಲ್ಲಿ ಅಲ್ಲಿನ ಶಾಲಾ ಹುಡುಗಿಯರನ್ನು ಪ್ರಶ್ನಾವಳಿಯ ಮೂಲಕ ಮಾತನಾಡಿಸಿದರು. ಮೂರು ವರ್ಷಗಳ ನಂತರ, 1998ರಲ್ಲಿ, ಅದೇ ವಯಸ್ಸಿನ ಇನ್ನೊಂದು ಗುಂಪನ್ನು ಮಾತನಾಡಿಸಿದರು. ತುಂಬಿದ ಮೈ ಆ ಸಮಾಜದಲ್ಲಿ ಆರೋಗ್ಯದ, ಅಕ್ಕರೆಯ ಗುರುತಾಗಿತ್ತು. ತವರಿಗೆ ಬಂದ ಮಗಳನ್ನು ನೋಡಿ "ಮೈಕೈ ತುಂಬಿಕೊಂಡಿದ್ದಾಳೆ" ಎಂದು ನಮ್ಮ ಅಜ್ಜಿಯರು ಸಂತೋಷಪಡುತ್ತಿದ್ದರಲ್ಲ, ಹಾಗೆ. ಊಟದ ಬಗೆಗಿನ ಅಸ್ವಸ್ಥ ಮನೋಭಾವವನ್ನು ಸೂಚಿಸುವ ಅಂಕ ಪಡೆದ ಹುಡುಗಿಯರ ಪ್ರಮಾಣ ಆ ಮೂರು ವರ್ಷಗಳಲ್ಲಿ 12.7 ಪ್ರತಿಶತದಿಂದ 29.2 ಪ್ರತಿಶತಕ್ಕೆ ಏರಿತ್ತು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ; ಎರಡನೆಯದರಲ್ಲಿ ಅವರ ಪ್ರಮಾಣ 11.3 ಪ್ರತಿಶತ. ಗುಂಪುಗಳು ಚಿಕ್ಕವು, ಒಂದೊಂದರಲ್ಲಿ ಅರವತ್ತಕ್ಕಿಂತ ಸ್ವಲ್ಪ ಹೆಚ್ಚು ಹುಡುಗಿಯರು ಮಾತ್ರ. ಟೀವಿಯೊಂದೇ ಕಾರಣವೆಂದು ಇದರಿಂದ ಹೇಳಲಾಗದು. ಆದರೂ ಆ ಹುಡುಗಿಯರು ತೆರೆಯ ಮೇಲಿನ ಪಾತ್ರಗಳಂತೆ ತೆಳ್ಳಗಾಗುವ ಆಸೆಯನ್ನು ತಮ್ಮ ಬಾಯಿಂದಲೇ ಹೇಳಿದ್ದರು, ಮತ್ತು ಅವರಲ್ಲಿ ಪ್ರತಿಯೊಬ್ಬಳಿಗೂ ಅದು ಸ್ವಂತ ಆಸೆಯೇ ಆಗಿತ್ತು.

ಅಮೆರಿಕದಲ್ಲಿ 2002ರಿಂದ "ಎಕ್ಸ್‌ಟ್ರೀಮ್ ಮೇಕೋವರ್" ಎಂಬ ಟೀವಿ ಕಾರ್ಯಕ್ರಮ ಶಸ್ತ್ರಚಿಕಿತ್ಸೆಯನ್ನೇ ಮನರಂಜನೆಯಾಗಿಸಿತು. ಒಬ್ಬ ಸಾಮಾನ್ಯ ವ್ಯಕ್ತಿ ಬರುತ್ತಾರೆ, ಹಲವು ಶಸ್ತ್ರಚಿಕಿತ್ಸೆಗಳಾಗುತ್ತವೆ, ಕೊನೆಯಲ್ಲಿ ಹೊಸ ಮುಖದೊಂದಿಗೆ ಮನೆಯವರ ಎದುರು ಬಂದು ನಿಲ್ಲುತ್ತಾರೆ. ಮೊದಲ ಬಾರಿಗೆ ಸೌಂದರ್ಯ ಚಿಕಿತ್ಸೆಗೆ ಬಂದಿದ್ದ 42 ಮಂದಿಯನ್ನು ಅಲ್ಲಿನ ವೈದ್ಯರು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವರಲ್ಲಿ ನಾಲ್ವರು ಇಂಥ ಕಾರ್ಯಕ್ರಮಗಳು ತಮ್ಮ ನಿರ್ಧಾರದ ಮೇಲೆ ನೇರ ಪ್ರಭಾವ ಬೀರಿದವು ಎಂದು ಒಪ್ಪಿಕೊಂಡಿದ್ದರು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಕಾರ್ಯಕ್ರಮಗಳನ್ನು ಹೆಚ್ಚು ನೋಡುತ್ತಿದ್ದವರು ತಮಗೆ ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ತಿಳಿದಿದೆ ಎಂದು ನಂಬಿದ್ದರು, ಮತ್ತು ತೆರೆಯ ಮೇಲೆ ಕಂಡದ್ದು ನಿಜ ಜೀವನಕ್ಕೆ ಹತ್ತಿರವಾಗಿದೆ ಎಂದೂ ಭಾವಿಸಿದ್ದರು. ಆಸೆ ಹುಟ್ಟಿಸುವುದು ಮಾಧ್ಯಮದ ದೊಡ್ಡ ಅಪಾಯವೆಂದು ನಾನು ತಿಳಿದಿಲ್ಲ. ತಿಳಿವಳಿಕೆಯ ಭ್ರಮೆ ಹುಟ್ಟಿಸುವುದು ಅದಕ್ಕಿಂತ ದೊಡ್ಡ ಅಪಾಯ.

ನಿಮ್ಮ ಮೂಗಿನ ತುದಿಯನ್ನೇ ತೆಗೆದುಕೊಳ್ಳಿ. ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಪಟ್ಟಿ ಬಿಚ್ಚಿದ ಕ್ಷಣವೇ ಚೂಪಾದ ಹೊಸ ತುದಿ ಕಾಣುತ್ತದೆ. ವಾಸ್ತವದಲ್ಲಿ ರೈನೋಪ್ಲಾಸ್ಟಿಯ, ಅಂದರೆ ಮೂಗಿನ ಶಸ್ತ್ರಚಿಕಿತ್ಸೆಯ, ನಂತರ ಊತ ಪೂರ್ಣವಾಗಿ ಇಳಿಯಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಎಲ್ಲಕ್ಕಿಂತ ಕೊನೆಗೆ ಊತ ಇಳಿಯುವ ಭಾಗವೇ ತುದಿ. ನಮ್ಮಲ್ಲಿ ಬಹಳಷ್ಟು ಜನರ ಮೂಗಿನ ತುದಿಯ ಚರ್ಮ ದಪ್ಪ. ಒಳಗಿನ ಮೃದ್ವಸ್ಥಿಯನ್ನು ನಾನು ಎಷ್ಟೇ ನಯವಾಗಿ ಕೆತ್ತಿ ಜೋಡಿಸಿದರೂ ದಪ್ಪ ಕಂಬಳಿಯ ಕೆಳಗಿಟ್ಟ ವಿಗ್ರಹದಂತೆ ಅದರ ಅಂಚುಗಳು ಹೊರಗೆ ಮೂಡುವುದಿಲ್ಲ. ಮತ್ತಷ್ಟು ಕತ್ತರಿಸಿದರೆ ಆಧಾರ ಕುಸಿದು, ಈಗ ಇಲ್ಲದ ಉಸಿರಾಟದ ತೊಂದರೆ ಬರಬಹುದು. ತೃಪ್ತಿಯಾಗದೆ ಎರಡನೆಯ ಶಸ್ತ್ರಚಿಕಿತ್ಸೆಗೆ ಬರುವವರೂ ಇದ್ದಾರೆ, ಮತ್ತು ಅದು ಮೊದಲನೆಯದಕ್ಕಿಂತ ಕಷ್ಟ. ತೆಳು ಚರ್ಮದ ಮೂಗಿನ ಮೇಲೆ ಬಂದ ಫಲಿತಾಂಶವನ್ನು ತೋರಿಸುವ ರೀಲ್ಸ್ ಈ ಮಾತನ್ನು ಹೇಳುವುದಿಲ್ಲ.

"ಮೊದಲು" ಮತ್ತು "ನಂತರ" ಎಂಬ ಜೋಡಿ ಚಿತ್ರಗಳನ್ನೂ ಎಚ್ಚರದಿಂದ ನೋಡಿ. ನಗುವಾಗ ಮೂಗು ಅಗಲವಾಗುತ್ತದೆ, ತುದಿ ಕೆಳಗೆ ಇಳಿಯುತ್ತದೆ. ಮೊದಲ ಚಿತ್ರದಲ್ಲಿ ವ್ಯಕ್ತಿ ನಗುತ್ತಿದ್ದು ಎರಡನೆಯದರಲ್ಲಿ ಗಂಭೀರವಾಗಿದ್ದರೆ, ಮೊದಲನೆಯದನ್ನು ಹತ್ತಿರದಿಂದ ಟ್ಯೂಬ್‌ಲೈಟಿನ ಕೆಳಗೆ ತೆಗೆದು ಎರಡನೆಯದನ್ನು ದೂರದಿಂದ, ಮೇಕಪ್ ಮಾಡಿಸಿ, ಗದ್ದ ತುಸು ಎತ್ತಿಸಿ ತೆಗೆದಿದ್ದರೆ, ಅರ್ಧ ಶಸ್ತ್ರಚಿಕಿತ್ಸೆಯನ್ನು ಬೆಳಕೇ ಮಾಡಿರುತ್ತದೆ. ನಮ್ಮ ದೇಶದ ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿನಡತೆಯ ನಿಯಮಗಳು ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡುವುದನ್ನೂ, ತಾವು ಮಾಡಿದ ಶಸ್ತ್ರಚಿಕಿತ್ಸೆಗಳ ಬಗ್ಗೆ ಕೊಚ್ಚಿಕೊಳ್ಳುವುದನ್ನೂ ನಿಷೇಧಿಸುತ್ತವೆ. ಫೋನಿನಲ್ಲಿ ನೀವು ದಿನವೂ ಕಾಣುವುದನ್ನು ಈ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ ನನ್ನ ವೃತ್ತಿಯ ಬಗ್ಗೆ ನನಗೇ ನೋವಾಗುತ್ತದೆ. ಬ್ರಿಟನ್ 2022ರ ಮೇ ತಿಂಗಳಿನಿಂದ ಸೌಂದರ್ಯ ಚಿಕಿತ್ಸೆಯ ಜಾಹೀರಾತುಗಳನ್ನು 18 ವರ್ಷದೊಳಗಿನವರತ್ತ ಗುರಿಯಿಡುವುದನ್ನು ನಿರ್ಬಂಧಿಸಿತು. ಫ್ರಾನ್ಸ್ 2023ರ ಜೂನ್‌ನಲ್ಲಿ ಇನ್‌ಫ್ಲುಯೆನ್ಸರ್‌ಗಳು ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಪ್ರಚಾರ ಮಾಡದಂತೆ ಕಾನೂನನ್ನೇ ತಂದಿತು. ನಮ್ಮ ದೇಶದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಿಂದ ಹಣ ಪಡೆದು ಮಾಡಿದ ಪೋಸ್ಟುಗಳಿಗೆ ಗುರುತು ಹಾಕಬೇಕೆಂದು ಹೇಳಿದೆ. ಆ ಗುರುತು ಇದೆಯೇ ಎಂದು ಹುಡುಕುವ ಅಭ್ಯಾಸವನ್ನು ನೀವೇ ಮಾಡಿಕೊಳ್ಳಬೇಕು.

ಫೋನಿನಲ್ಲಿ ನಿಮಗೆ ಏನು ಕಾಣಬೇಕೆಂದು ಆರಿಸುವ ಅಲ್ಗಾರಿದಮ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ನಿಮ್ಮ ವೃತ್ತಿಯಲ್ಲಿರುವವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಒಂದು ಸಂಜೆ ನೀವು ಮೂಗಿನ ಬಗ್ಗೆ ಹುಡುಕಿದಿರಿ, ಮರುದಿನದಿಂದ ಇಡೀ ಲೋಕವೇ ಮೂಗು ಸರಿಪಡಿಸಿಕೊಳ್ಳುತ್ತಿದೆ ಎನಿಸತೊಡಗಿತು. 2023ರಲ್ಲಿ ಜಗತ್ತಿನಾದ್ಯಂತ ಶಸ್ತ್ರಚಿಕಿತ್ಸೆಗಳು ಮತ್ತು ಚುಚ್ಚುಮದ್ದಿನಂಥ ಶಸ್ತ್ರಚಿಕಿತ್ಸೆಯಲ್ಲದ ವಿಧಾನಗಳು ಎರಡೂ ಸೇರಿ ಸುಮಾರು 3.49 ಕೋಟಿ ಸೌಂದರ್ಯ ಚಿಕಿತ್ಸೆಗಳಾದವು ಎಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಟನೆ ಅಂದಾಜಿಸಿದೆ. ದೊಡ್ಡ ಸಂಖ್ಯೆ, ನಿಜ. ಆದರೂ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ತಲೆ ಎತ್ತಿ ನೋಡಿದರೆ ಕಾಣುವ ಮೂಗುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹುಟ್ಟಿನಿಂದ ಬಂದವೇ.

ಜನ ನನ್ನ ಬಳಿ ತರುವ ಚಿತ್ರಗಳಲ್ಲೂ ಬದಲಾವಣೆಯನ್ನು ಕಂಡಿದ್ದೇನೆ. ವೃತ್ತಿಯ ಆರಂಭದಲ್ಲಿ ವಾರಪತ್ರಿಕೆಯಿಂದ ಕತ್ತರಿಸಿದ ನಟಿಯರ ಚಿತ್ರಗಳು ಬರುತ್ತಿದ್ದವು. ಆಮೇಲೆ ಅವೇ ನಟಿಯರ ಚಿತ್ರಗಳು ಫೋನಿನಲ್ಲಿ ಬಂದವು. ಈಗ ಬರುವುದು ಫಿಲ್ಟರ್ ಹಾಕಿದ ತಮ್ಮದೇ ಮುಖ. ಅಮೆರಿಕದ ಮುಖದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕೆಂದು ಬರುವ ರೋಗಿಗಳನ್ನು ಕಂಡಿದ್ದೇವೆ ಎಂದವರು 55 ಪ್ರತಿಶತ. ನಟಿಯ ಚಿತ್ರ ತಂದವರಿಗೆ "ಅದು ಅವರ ಮುಖ, ಇದು ನಿಮ್ಮದು" ಎಂದು ಹೇಳುವುದು ಸುಲಭವಾಗಿತ್ತು. ಫಿಲ್ಟರ್ ಹಾಕಿದ ತನ್ನ ಮುಖವನ್ನೇ ತಂದವರಿಗೆ ಏನು ಹೇಳಲಿ? ಅವರ ಮಟ್ಟಿಗೆ ಅದು ಈಗಾಗಲೇ ತಮ್ಮದಾಗಿರುವ, ಯಾರೋ ತಮ್ಮಿಂದ ಕಸಿದುಕೊಂಡಿರುವ ಮುಖ.

ಇಷ್ಟೆಲ್ಲ ಹೇಳಿದ ಮೇಲೂ ಮಾಧ್ಯಮವನ್ನು ಖಳನೆಂದು ಕರೆಯಲು ನಾನು ಒಪ್ಪುವುದಿಲ್ಲ. ಮೂಗು ಕಟ್ಟುವ ನಮ್ಮ ನೆಲದ ವಿಧಾನ ಇಂಗ್ಲೆಂಡಿನಲ್ಲಿ ಹೆಸರಾದದ್ದೇ ಒಂದು ಪತ್ರಿಕೆಯಿಂದ, ಮತ್ತು ಆ ಕಥೆ ಆರಂಭವಾಗುವುದು ನಮ್ಮ ಮೈಸೂರು ಯುದ್ಧದಲ್ಲಿ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಕಡೆಯ ಇಟ್ಟಿಗೆ ಕೆಲಸದ ಜಾತಿಯ ಕುಶಲಿಯೊಬ್ಬ ಅವನ ಹಣೆಯ ಚರ್ಮವನ್ನು ತಿರುಗಿಸಿ ಇಳಿಸಿ ಹೊಸ ಮೂಗನ್ನು ಕಟ್ಟಿದ. ಸುಶ್ರುತನ ಕಾಲದಿಂದಲೂ ಮೂಗು ಕಟ್ಟುವ ವಿದ್ಯೆ ಈ ನೆಲದಲ್ಲಿತ್ತು. ಕವಾಸ್‌ಜಿಯ ಚಿತ್ರ ಮತ್ತು ವಿವರ ಲಂಡನ್ನಿನ "ಜಂಟಲ್‌ಮನ್ಸ್ ಮ್ಯಾಗಜೀನ್"ನಲ್ಲಿ 1794ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಆ ವಿಧಾನವನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಮೂಗು ಕಟ್ಟಿದರು. ಸುಟ್ಟ ಗಾಯದ ಕಲೆಗೆ, ಸೀಳುತುಟಿಗೆ ಚಿಕಿತ್ಸೆಯಿದೆ ಎಂಬುದು ಇಂದಿಗೂ ಎಷ್ಟೋ ಹಳ್ಳಿಗಳಿಗೆ ತಲುಪುವುದು ಟೀವಿ, ರೇಡಿಯೊ, ಪತ್ರಿಕೆಗಳ ಮೂಲಕವೇ. ಕವಾಸ್‌ಜಿಯ ವಿಷಯದಲ್ಲಿ ಕೊರತೆ ಮೊದಲಿತ್ತು, ಪರಿಹಾರದ ಸುದ್ದಿ ಆಮೇಲೆ ಹರಡಿತು. ಇಂದು ಹಲವರ ವಿಷಯದಲ್ಲಿ ಪರಿಹಾರದ ಸುದ್ದಿ ಮೊದಲು ಬರುತ್ತದೆ, ಅದರ ಬೆನ್ನಿಗೆ ಕೊರತೆ ಕಾಣತೊಡಗುತ್ತದೆ. ನಿಮ್ಮ ವಿಷಯದಲ್ಲಿ ಯಾವುದು ಮೊದಲು ಬಂತು ಎಂಬುದೇ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಅದನ್ನು ಪರೀಕ್ಷಿಸಲು ನಾನು ಸೂಚಿಸುವ ದಾರಿ ಹೀಗಿದೆ. ಎರಡು ತಿಂಗಳು ಸೆಲ್ಫಿ ತೆಗೆಯಬೇಡಿ, ಮೀಟಿಂಗುಗಳಲ್ಲಿ ನಿಮ್ಮ ಮುಖ ನಿಮಗೆ ಕಾಣದಂತೆ ಮರೆಮಾಡಿ, ಚಿಕಿತ್ಸೆಗೆ ಸಂಬಂಧಿಸಿದ ಪುಟಗಳನ್ನೆಲ್ಲ ಅನ್‌ಫಾಲೋ ಮಾಡಿ. ಆ ಅವಧಿಯಲ್ಲಿ ಮೂಗಿನ ಯೋಚನೆ ಯಾವಾಗ, ಯಾರ ಎದುರಿನಲ್ಲಿ, ಏನು ನೋಡಿದ ಮೇಲೆ ಬಂತೆಂದು ಬರೆದಿಡಿ. ಜಗತ್ತಿನಲ್ಲಿ ಇನ್ನು ಮುಂದೆ ನಿಮ್ಮ ಒಂದು ಫೋಟೊವೂ ಇರುವುದಿಲ್ಲ ಎಂದಾದರೆ ಆಗಲೂ ಈ ಶಸ್ತ್ರಚಿಕಿತ್ಸೆ ಬೇಕೆ ಎಂದು ಕೇಳಿಕೊಳ್ಳಿ. ಯೋಚನೆ ತಾನಾಗಿ ಸಡಿಲವಾದರೆ ಉತ್ತರ ಸಿಕ್ಕಂತೆ. ಅದಕ್ಕೆ ವಿರುದ್ಧವಾಗಿ, ದಿನಕ್ಕೆ ತಾಸುಗಟ್ಟಲೆ ಅದೇ ಯೋಚನೆ ಕಾಡುತ್ತಿದ್ದರೆ, ಕನ್ನಡಿಯನ್ನು ಪದೇ ಪದೇ ನೋಡುವುದು ಅಥವಾ ಕನ್ನಡಿಯಿಂದ ತಪ್ಪಿಸಿಕೊಳ್ಳುವುದು, ಜನರ ಎದುರು ಮೂಗಿಗೆ ಕೈ ಅಡ್ಡ ಹಿಡಿಯುವುದು, ಇತರರ ಕಣ್ಣಿಗೆ ಬೀಳದ ದೋಷ ನಿಮಗೆ ಮಾತ್ರ ದೊಡ್ಡದಾಗಿ ಕಾಣುವುದು ಇದ್ದರೆ, ದಯವಿಟ್ಟು ಮೊದಲು ಮನೋವೈದ್ಯರನ್ನು ಕಾಣಿ. ದೇಹರೂಪದ ಈ ಗೀಳು ಸಾಮಾನ್ಯ ಜನರಲ್ಲಿ ನೂರಕ್ಕೆ ಇಬ್ಬರಲ್ಲಿದ್ದರೆ, ಮೂಗಿನ ಸೌಂದರ್ಯ ಚಿಕಿತ್ಸೆಗೆ ಬರುವವರಲ್ಲಿ ಐವರಲ್ಲಿ ಒಬ್ಬರವರೆಗೂ ಕಂಡುಬಂದಿದೆ. ಅದಕ್ಕೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದು ಅಪರೂಪ. ಗೀಳು ಮೂಗಿನಿಂದ ಗದ್ದಕ್ಕೆ ಹೋಗುತ್ತದೆ, ಅಷ್ಟೆ. ಮಾತಿನ ಚಿಕಿತ್ಸೆ ಮತ್ತು ಔಷಧಿಗಳಿಂದ ಗುಣ ಕಾಣುವವರು ಬಹಳ ಜನ. ಬೆಂಗಳೂರಿನಲ್ಲಿರುವ ನಿಮಗೆ ನಿಮ್ಹಾನ್ಸ್ ದೂರವಿಲ್ಲ.

ಇನ್ನು ನಿಮ್ಮ ಅಮ್ಮನ ಭಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆ ನಟಿ ತೀರಿಕೊಂಡಾಗ ಅವರಿಗೆ ಕೇವಲ 21 ವರ್ಷ. ಆ ಸುದ್ದಿ ನನ್ನನ್ನೂ ಹಲವು ದಿನ ಕಾಡಿತು. ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಅಪಾಯಗಳೇ ಬೇರೆ: ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಶ್ವಾಸಕೋಶವನ್ನು ತಲುಪುವುದು, ದೇಹದ ದ್ರವದ ಸಮತೋಲನ ತಪ್ಪುವುದು, ಮರಗಟ್ಟಿಸುವ ಔಷಧಿಯ ಪ್ರಮಾಣ ಮೀರುವುದು. ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಜೀವಾಪಾಯ ತೀರಾ ಅಪರೂಪ, ಆದರೆ ಅದನ್ನೂ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ ಮಾಡುವುದರಿಂದ "ಏನೂ ಆಗುವುದಿಲ್ಲ" ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಸುದ್ದಿವಾಹಿನಿ ಸಾವನ್ನು ಮಾತ್ರ ತೋರಿಸುತ್ತದೆ, ರೀಲ್ಸ್ ಗೆಲುವನ್ನು ಮಾತ್ರ ತೋರಿಸುತ್ತದೆ. ಊದಿದ ಮುಖದೊಂದಿಗೆ ಮೂರು ವಾರ ಮನೆಯಲ್ಲಿದ್ದು, ಮೂರು ತಿಂಗಳು "ಸರಿ ಮಾಡಿದೆನೋ ಇಲ್ಲವೋ" ಎಂದು ತಳಮಳಿಸಿ, ವರ್ಷದ ಕೊನೆಗೆ ತಕ್ಕಮಟ್ಟಿಗೆ ಸಮಾಧಾನಗೊಳ್ಳುವ ಸಾಮಾನ್ಯ ರೋಗಿಯನ್ನು ಎರಡೂ ತೋರಿಸುವುದಿಲ್ಲ. ಹಾಗಾಗಿ ನೀವಿಬ್ಬರೂ ಮನೆಯಲ್ಲಿ ವಾದಿಸುತ್ತಿರುವುದು ನಿಮ್ಮ ಮೂಗಿನ ಬಗ್ಗೆಯಲ್ಲ, ಎರಡು ಬೇರೆ ಬೇರೆ ಪರದೆಗಳ ಬಗ್ಗೆ ಎಂದು ನನಗನ್ನಿಸುತ್ತದೆ.

ಎರಡು ತಿಂಗಳ ನಂತರವೂ ಆಸೆ ಶಾಂತವಾಗಿ, ಗೀಳಿಲ್ಲದೆ, ಒಂದೇ ನಿರ್ದಿಷ್ಟ ಬದಲಾವಣೆಗೆ ಸೀಮಿತವಾಗಿ ಉಳಿದಿದ್ದರೆ ಅದನ್ನು ನಿಮ್ಮದೆಂದೇ ಗೌರವಿಸುತ್ತೇನೆ. ಅಂಥ ಮನಸ್ಥಿತಿಯಲ್ಲಿ ಬಂದವರಿಗೆ ನಾನು ಶಸ್ತ್ರಚಿಕಿತ್ಸೆ ಮಾಡಿದ್ದೇನೆ, ಅವರು ಸಂತೋಷವಾಗಿದ್ದಾರೆ. ಆಗ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ತತ್ಸಮಾನ ಪದವಿಯುಳ್ಳ, ಇಲ್ಲವೇ ಮುಖದ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ಮೂಗು-ಗಂಟಲು ತಜ್ಞರನ್ನೇ ಕಾಣಿ. ಅವರ ನೋಂದಣಿಯನ್ನು ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಿ. ಆಸ್ಪತ್ರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವೇ, ಅರಿವಳಿಕೆ ತಜ್ಞರು ಮತ್ತು ತೀವ್ರ ನಿಗಾ ಘಟಕ ಅಲ್ಲಿಯೇ ಇದೆಯೇ ಎಂದು ಕೇಳಿ. ನಿಮ್ಮಂಥ ದಪ್ಪ ಚರ್ಮದ ಮೂಗುಗಳ ಒಂದು ವರ್ಷದ ನಂತರದ ಚಿತ್ರಗಳನ್ನು, ತೃಪ್ತಿಯಾಗದವರದೂ ಸೇರಿ, ಆ ರೋಗಿಗಳ ಒಪ್ಪಿಗೆಯಿದ್ದರೆ ತೋರಿಸಲು ಹೇಳಿ. ರಿಯಾಯಿತಿಗೆ ಕೊನೆಯ ದಿನಾಂಕ ಹೇಳುವ ಕಡೆ ಮುಂಗಡ ಕಟ್ಟಬೇಡಿ.

ಮೊದಲ ಭೇಟಿಗೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರಿಗೆ ತೋರಿಸಲು ಒಂದು ಚಿತ್ರ ಬೇಕಾಗುತ್ತದೆ. ಹಗಲು ಬೆಳಕಿನಲ್ಲಿ ಗೋಡೆಗೆ ಒರಗಿ ನಿಂತು, ಐದು ಅಡಿ ದೂರದಿಂದ ಅದನ್ನು ಅಮ್ಮನ ಕೈಯಿಂದಲೇ ತೆಗೆಸಿ, ಮತ್ತು ತೆಗೆದ ಮೇಲೆ ಇಬ್ಬರೂ ಜೊತೆಯಾಗಿ ಕುಳಿತು ಅದನ್ನು ನೋಡಿ.